ಹಲುವಾಗಲಿನಿಂದ ಮುಂಡಗೋಡಕ್ಕೆ

ಹರಪನಹಳ್ಳಿ ತಾಲ್ಲೂಕಿನ ಹಲುವಾಗಲು ಎಸ್. ನಿಜಲಿಂಗಪ್ಪನವರು ಹುಟ್ಟಿದ ಊರು. 1902ರ ಡಿಸೆಂಬರ್‌ನಲ್ಲಿ ಇಲ್ಲಿ ಹುಟ್ಟಿದವರು ಮುಂದೆ ಏಕೀಕರಣಕ್ಕೆ ದುಡಿದದ್ದು, ಮುಖ್ಯಮಂತ್ರಿಯಾದದ್ದು ನಮ್ಮ ಸೀಮೆಯವರಿಗೆಲ್ಲ ಗೊತ್ತು. ಮನೆಮಠ ಕಳೆದುಕೊಂಡು ಬಂದ ಟಿಬೆಟಿಯನ್ನರಿಗೆ ಅವರ ಸರ್ಕಾರ ನೆಲೆ ಕೊಟ್ಟದ್ದು ಮಾತ್ರ ಅಷ್ಟಾಗಿ ಮಾತಿಗೆ ಬರುವುದಿಲ್ಲ. ಮುಂಡಗೋಡದ ಆ ನೆಲೆಯನ್ನು ಕಣ್ಣಾರೆ ನೋಡಬೇಕೆಂದು ಹಲುವಾಗಲಿನಿಂದಲೇ ಹೊರಟೆ.

ಹರಿಹರದಲ್ಲಿ ತುಂಗಭದ್ರೆ ದಾಟಿ, ರಾಣೆಬೆನ್ನೂರು, ಹಾವೇರಿ ಹಿಂದೆ ಬಿದ್ದ ಮೇಲೆ ಬಯಲುಸೀಮೆ ಮೆಲ್ಲಗೆ ಮುಗಿಯುತ್ತದೆ. ಮುಂಡಗೋಡ ಹತ್ತಿರವಾದಂತೆ ಭತ್ತದ ಗದ್ದೆ, ಕೆರೆ, ತೇಗದ ಮರಗಳು. ಟಿಬೆಟಿಯನ್ನರ ವಸತಿಗೆ ಹೋಗಲು ಪಟ್ಟಣದ ಆಟೋದವನಿಗೆ "ಕ್ಯಾಂಪಿಗೆ" ಎಂದರೆ ಸಾಕು, "ಎಷ್ಟನೇ ನಂಬರ್ ರೀ?" ಎನ್ನುತ್ತಾನೆ.

1956ರಲ್ಲಿ ಬುದ್ಧ ಜಯಂತಿಗೆಂದು ಭಾರತಕ್ಕೆ ಬಂದಿದ್ದ ದಲೈ ಲಾಮಾ ನಿಜಲಿಂಗಪ್ಪನವರನ್ನು ಭೇಟಿಯಾಗಿದ್ದರು. 1959ರಲ್ಲಿ ದಲೈ ಲಾಮಾ ತಮ್ಮ ದೇಶವನ್ನೇ ಬಿಟ್ಟು ಬರಬೇಕಾಯಿತು. ನಿರಾಶ್ರಿತರಿಗೆ ಜಾಗ ಕೊಡಿ ಎಂದು ನೆಹರೂ ರಾಜ್ಯಗಳನ್ನು ಕೇಳಿದಾಗ ದೊಡ್ಡ ಮನಸ್ಸು ಮಾಡಿದ್ದು ಮೈಸೂರು ರಾಜ್ಯ. ಮೊದಲು ಬೈಲಕುಪ್ಪೆ, ಆಮೇಲೆ ನಿಜಲಿಂಗಪ್ಪನವರ ಆಡಳಿತದಲ್ಲಿ, 1966ರಲ್ಲಿ, ಮುಂಡಗೋಡದಲ್ಲಿ ಸುಮಾರು ನಾಲ್ಕು ಸಾವಿರ ಎಕರೆ. ಕಾಡು ಕಡಿದು, ತಂಪು ನಾಡಿನ ಜನ ಈ ಬಿಸಿಲಿಗೆ ಮೈಯೊಡ್ಡಿ ಮೆಕ್ಕೆಜೋಳ ಬೆಳೆದರು.

ಕ್ಯಾಂಪಿನ ಅಂಗಡಿಯೊಂದರಲ್ಲಿ ಪಟ್ಟೆಪಟ್ಟೆ ಮುಂಗವಸ ಕಟ್ಟಿಕೊಂಡ ಹಿರಿಯ ಹೆಂಗಸು ಜಪಮಣಿ ಎಣಿಸುತ್ತ ಕೂತಿದ್ದರು. ನನ್ನನ್ನು ಕಂಡವರೇ, "ಬರ್ರಿ, ಕೂಡ್ರಿ. ಚಾ ಕುಡೀತೀರೇನು?" ಎಂದರು.

"ನಿಮ್ಮೂರು ಯಾವುದಮ್ಮ?"

"ಇದ ನಮ್ಮೂರು. ಇಲ್ಲೇ ಹುಟ್ಟೀನ್ರಿ."

ಕುಯ್ಲು ಮುಗಿದರೆ ಇವರ ಮನೆಯವರು ಲೂಧಿಯಾನದ ಸ್ವೆಟರ್ ತಂದು ಊರೂರಿನಲ್ಲಿ ಮಾರುತ್ತಾರೆ. ಒಂದು ಕಾಲಕ್ಕೆ ಟಿಬೆಟಿನ ಉಣ್ಣೆ ನಾಥು ಲಾ ಕಣಿವೆ ಇಳಿದು ಭಾರತಕ್ಕೆ ಬರುತ್ತಿತ್ತು. 1962ರಲ್ಲಿ ಆ ದಾರಿ ಮುಚ್ಚಿತು. ದಾರಿ ಮುಚ್ಚಿದರೂ ಇವರ ವ್ಯಾಪಾರ ಬತ್ತಲಿಲ್ಲ. ನಾನು ಹಲುವಾಗಲಿನ ಕಡೆಯವನೆಂದು ತಿಳಿದಾಗ ಆಕೆ ಜಪಮಣಿ ಬದಿಗಿಟ್ಟು, "ನಿಜಲಿಂಗಪ್ಪ ಸಾಹೇಬ್ರ ಊರೇನ್ರಿ! ನಮ್ಮಪ್ಪ ಅವರ ಹೆಸರು ಭಾಳ ಹೇಳ್ತಿದ್ದ" ಎಂದು ಕೈಮುಗಿದರು. ಚಹಾದ ದುಡ್ಡು ತೆಗೆದುಕೊಳ್ಳಲು ಒಪ್ಪಲೇ ಇಲ್ಲ.

ಸಂಜೆ ಡ್ರೆಪುಂಗ್ ಮಠದ ಅಂಗಳಕ್ಕೆ ಹೋದೆ. 1416ರಲ್ಲಿ ಲ್ಹಾಸಾದ ಬಳಿ ಹುಟ್ಟಿದ ಈ ವಿದ್ಯಾಪೀಠ 1969ರಲ್ಲಿ ಇಲ್ಲಿ ಮತ್ತೆ ನೆಲೆ ಕಂಡಿತು. ಕೆಂಪು ನಿಲುವಂಗಿಯ ಹುಡುಗರು ಜೋಡಿಜೋಡಿಯಾಗಿ ವಾದಕ್ಕೆ ನಿಂತಿದ್ದರು. ಕೂತವನು ಉತ್ತರಿಸಬೇಕು, ನಿಂತವನು ಪ್ರಶ್ನೆ ಎಸೆದು, ಎಡಗಾಲನ್ನು ನೆಲಕ್ಕೆ ಅಪ್ಪಳಿಸಿ, ಅಂಗೈಗೆ ಅಂಗೈ ಹೊಡೆಯುತ್ತಾನೆ. ಲಡಾಖ್, ನೇಪಾಳ, ಮಂಗೋಲಿಯಾದ ಹುಡುಗರೂ ಇಲ್ಲಿ ಓದುತ್ತಾರೆ. ಇಲ್ಲಿನ ಉನ್ನತ ಪದವಿಯಾದ 'ಗೆಶೆ'ಗೆ ಇಪ್ಪತ್ತು ವರ್ಷದಷ್ಟು ಓದು ಬೇಕು.

ಅವರು ಓದುವುದು ಯಾರನ್ನು? ಬೌದ್ಧ ದಾರ್ಶನಿಕರಾದ ನಾಗಾರ್ಜುನನನ್ನು, ಧರ್ಮಕೀರ್ತಿಯನ್ನು. ಈ ನೆಲದಲ್ಲೇ ಹುಟ್ಟಿದ ವಿದ್ಯೆ ನಾಲಂದಾದ ಪಂಡಿತರೊಂದಿಗೆ ಹಿಮಾಲಯ ಹತ್ತಿತು. ನಾಲಂದಾ ಹಾಳಾದ ಮೇಲೆ ಎಷ್ಟೋ ಸಂಸ್ಕೃತ ಗ್ರಂಥಗಳು ಇಲ್ಲಿ ಅಳಿದು, ಟಿಬೆಟನ್ ಅನುವಾದದಲ್ಲಷ್ಟೇ ಉಳಿದವು. ನಾವು ಅವರಿಗೆ ನೆಲ ಕೊಟ್ಟೆವು ಎನ್ನುವುದು ಅರ್ಧ ಮಾತು. ನಾವು ಕಳೆದುಕೊಂಡದ್ದನ್ನು ಅವರು ಶತಮಾನಗಳ ಕಾಲ ಜೋಪಾನ ಮಾಡಿ, ನಮ್ಮ ಅಂಗಳಕ್ಕೇ ತಂದಿಟ್ಟರು ಎನ್ನುವುದು ಉಳಿದರ್ಧ.

ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಯ ಶಾಲೆಗಳು ಮಕ್ಕಳನ್ನು ಮುಂಡಗೋಡಕ್ಕೂ ಕರೆದೊಯ್ಯಬೇಕು. ತಮ್ಮ ನೆರೆಯೂರಿನವರೊಬ್ಬರು ಮಾಡಿದ ಒಳ್ಳೆಯ ಕೆಲಸ ಹೇಗೆ ಫಲ ಕೊಟ್ಟಿದೆ ಎಂದು ಆ ಮಕ್ಕಳು ನೋಡಲಿ. ಹಂಪಿಯ ಕನ್ನಡ ವಿಶ್ವವಿದ್ಯಾಲಯವೂ ಈ ಮಠಗಳ ವಿದ್ವಾಂಸರೂ ಜೊತೆಯಾಗಿ ಕೂತು, ಆ ಗ್ರಂಥಗಳನ್ನು ಟಿಬೆಟನ್ನಿನಿಂದ ನೇರವಾಗಿ ಕನ್ನಡಕ್ಕೆ ತರಲಿ. ಎರಡೂ ಕಡೆಯ ಭಾಷೆ ಬಲ್ಲ ಒಂದು ಪೀಳಿಗೆ ಮುಂಡಗೋಡದಲ್ಲಿ ಬೆಳೆದು ನಿಂತಿದೆ. ಇನ್ನು ಕೇಳಬೇಕಾದವರು ನಾವು.