ಎರಡು ಹನಿ ಪಾತ್ರೆ ಸೋಪು ಮತ್ತು ಕಾಕಾನ ಕೆಂಪು ಕಾರು

ಮೂರು ವರ್ಷದ ಹಿಂದೆ, ಖಂಡೇ ಪೂಜೆಗೆ ಎರಡು ದಿನ ಇರುವಾಗ ನಾನೊಂದು ಸಣ್ಣ ಸುದ್ದಿ ಕಳಿಸಿದ್ದೆ. ಸುದ್ದಿ ಅನ್ನುವುದಕ್ಕಿಂತ ಬಾಕ್ಸ್ ಐಟಂ. ಜಿಲ್ಲಾ ಪುಟದಲ್ಲಿ ಸ್ವಲ್ಪ ಜಾಗ ಉಳಿದಿದೆ, ಹಬ್ಬಕ್ಕೆ ಹೊಂದುವ ಏನಾದರೂ ಬೇಗ ಕಳಿಸಿ ಅಂತ ಡೆಸ್ಕಿನಿಂದ ಫೋನ್ ಬಂತು. ವಾಟ್ಸಾಪ್‌ನಲ್ಲಿ ಬಂದಿದ್ದ ಒಂದು ಫಾರ್ವರ್ಡ್ ತೆಗೆದು, ಭಾಷೆ ತಿದ್ದಿ ಕಳಿಸಿದೆ. ಒಟ್ಟು ಆರು ಸಾಲು. ಮೂರನೇ ಸಾಲಿನಲ್ಲಿ, ಒಂದು ಬಕೆಟ್ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ ತೊಳೆದರೆ ಕಾರು ಹೊಸದರಂತೆ ಹೊಳೆಯುತ್ತದೆ, ದುಬಾರಿ ಶಾಂಪೂ ಬೇಕಾಗಿಲ್ಲ ಎಂದಿತ್ತು.

ಯಾರನ್ನೂ ಕೇಳಲಿಲ್ಲ. ಪಂಚಾಯಿತಿ ಬಿಲ್ಲಿನ ಸುದ್ದಿ ಬರೆಯುವಾಗ ಮೂರು ಕಡೆ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳುವವನು ನಾನು. ಸೋಪಿನ ವಿಷಯಕ್ಕೆ ಯಾರಿಗೆ ಫೋನ್ ಮಾಡುವುದು ಅನಿಸಿತ್ತು. ಮರುದಿನ ಅಚ್ಚಾಯಿತು, ಸಂಜೆಗೆ ನಾನೂ ಮರೆತೆ.

ಮರೆಯದವರು ನಮ್ಮ ಓಣಿಯ ಕಾಕಾ. ಸ್ವಂತ ಕಾಕಾ ಅಲ್ಲ, ಓಣಿಗೆಲ್ಲ ಕಾಕಾ. ಹಳದಿ ಬೋರ್ಡಿನ ಕೆಂಪು ಕಾರು ಅವರದು, ಸೆಕೆಂಡ್ ಹ್ಯಾಂಡ್ ತಗೊಂಡದ್ದು. ರಾತ್ರಿ ಹೊತ್ತು ಬಾಣಂತಿಯನ್ನು ಹಾವೇರಿಗೆ ಒಯ್ಯುವುದು, ಹುಬ್ಬಳ್ಳಿ ದವಾಖಾನೆಗೆ, ದಾವಣಗೆರೆಗೆ, ಮದುವೆ ಸೀಸನ್‌ನಲ್ಲಿ ಬೀಗರ ಊರಿಗೆ. ನನ್ನ ಬೈಕು ಕೆಟ್ಟಾಗ ಎಷ್ಟೋ ಸಲ ಡೀಸೆಲ್ ಖರ್ಚಿಗಷ್ಟೇ ಕರೆದುಕೊಂಡು ಹೋಗಿದ್ದಾರೆ. ಪೇಪರಿನಲ್ಲಿ ನಮ್ಮ ಹುಡುಗ ಬರೆದದ್ದು ಅಂತ ಆ ತುಣುಕು ಕತ್ತರಿಸಿ, ಆರ್‌ಸಿ, ಇನ್ಶೂರೆನ್ಸ್ ಇಡುವ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಡ್ಯಾಶ್‌ಬೋರ್ಡಿಗೆ ಸೇರಿಸಿದ್ದರಂತೆ. ಅಂದಿನಿಂದ ವಾರಕ್ಕೆ ಎರಡು ಸಲ ಅದೇ ಪ್ರಕಾರ ತೊಳೆದಿದ್ದಾರೆ.

ಇದು ನನಗೆ ಗೊತ್ತಾದದ್ದು ಕಳೆದ ಬೇಸಿಗೆಯಲ್ಲಿ. ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು. ಮೊದಲ ಕಂತು ಕಟ್ಟಲು ಕಾರು ಮಾರುವುದು ಅಂತ ಕಾಕಾ ತೀರ್ಮಾನ ಮಾಡಿದ್ದರು. ರಾಣೆಬೆನ್ನೂರಿನಿಂದ ಒಬ್ಬರು ನೋಡಲು ಬಂದರು. ಇಂಜಿನ್ ಕೇಳಿದರು, ಟೈರು ನೋಡಿದರು, ಎಲ್ಲ ಸರಿ ಇತ್ತು. ಆಮೇಲೆ ಕಾರನ್ನು ನೆರಳಿನಿಂದ ಬಿಸಿಲಿಗೆ ತರಿಸಿದರು. ಬಾನೆಟ್ ಮೇಲೆ ಅಂಗೈ ಆಡಿಸಿ, ಮಾತಾಗಿದ್ದಕ್ಕಿಂತ 20 ಸಾವಿರ ಕಡಿಮೆ ಹೇಳಿದರು. ಪೇಂಟ್ ಹೋಗೈತಿ, ಪೂರಾ ಹೊಡಸಬೇಕು ಅಂತ.

ಅವತ್ತು ರಾತ್ರಿ ಕಾಕಾ ನಮ್ಮ ಮನೆಗೆ ಬಂದರು. ಜಗಳಕ್ಕೆ ಬಂದಿದ್ದರೆ ನನಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ. ಕವರಿನಿಂದ ಆ ತುಣುಕು ತೆಗೆದು ನನ್ನ ಮುಂದೆ ಇಟ್ಟು ಕೇಳಿದರು: “ತಮ್ಮಾ, ನೀ ಬರದಂಗನ ಮಾಡೇನಿ. ಎರಡು ಹನಿ ಅಂತ ಐತಿ. ನಾ ಒಮ್ಮೊಮ್ಮೆ ನಾಕು ಹಾಕೀನಿ. ಅದಕ್ಕ ಹಿಂಗಾತೇನು?”

ತಪ್ಪು ತಮ್ಮದು ಅಂದುಕೊಂಡೇ ಬಂದಿದ್ದರು ಅವರು.

ಮರುದಿನ ಇಬ್ಬರೂ ಕಾರು ತಗೊಂಡು ಹಾವೇರಿಯಲ್ಲಿ ಡೆಂಟಿಂಗ್, ಪೇಂಟಿಂಗ್ ಮಾಡುವ ಒಬ್ಬ ಮಿಸ್ತ್ರಿಯ ಹತ್ತಿರ ಹೋದೆವು. ಮೂರು ವರ್ಷದ ಹಿಂದೆ ಮಾಡಬೇಕಿದ್ದ ಫೋನ್ ಕಾಲ್ ಅದು. ಆತ ಮಾತಾಡದೆ ಒಂದು ಮಗ್ ನೀರು ತಂದು ಬಾನೆಟ್ ಮೇಲೆ ಸುರಿದ. ನೀರು ಹಾಸಿಗೆ ಹಾಸಿದಂತೆ ಹರಡಿ ಅಲ್ಲೇ ನಿಂತಿತು. ಪಕ್ಕದಲ್ಲಿ ಬೇರೆಯವರ ಕಾರು ಇತ್ತು, ವ್ಯಾಕ್ಸ್ ಹಚ್ಚಿದ್ದು. ಅದರ ಮೇಲೂ ಸುರಿದ. ಕೆಸುವಿನ ಎಲೆ ಮೇಲೆ ಬಿದ್ದಂತೆ ನೀರು ಮುತ್ತು ಮುತ್ತಾಗಿ ಉರುಳಿಹೋಯಿತು. “ನಿಮ್ಮ ಗಾಡಿ ಮ್ಯಾಲೆ ಕಾವಲಿಗೆ ಏನೂ ಉಳದಿಲ್ರಿ” ಅಂದ.

ಆತ ಹೇಳಿದ್ದನ್ನೂ, ಆಮೇಲೆ ನಾನು ಓದಿ ತಿಳಿದದ್ದನ್ನೂ ಸೇರಿಸಿ ಹೇಳುತ್ತೇನೆ. ಈಗಿನ ಕಾರುಗಳಿಗೆ ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಬಣ್ಣದ ಮೇಲೆ ಗಾಜಿನಂಥ ಪಾರದರ್ಶಕ ಪದರ ಇರುತ್ತದೆ. ಅದಕ್ಕೆ ಕ್ಲಿಯರ್ ಕೋಟ್ ಅನ್ನುತ್ತಾರೆ. ಹೊಳಪು ಬರುವುದು ಅದರಿಂದ. ಅದು ಸಾಮಾನ್ಯವಾಗಿ 40–50 ಮೈಕ್ರಾನ್ ದಪ್ಪ, ಅಂದರೆ ನಮ್ಮ ತಲೆಗೂದಲಿಗಿಂತ ತೆಳುವು. ಅದನ್ನು ಕಾಯಲು ಮೇಲೆ ವ್ಯಾಕ್ಸ್ ಹಚ್ಚುತ್ತಾರೆ. ವ್ಯಾಕ್ಸ್ ಅಂದರೆ ಮೇಣ, ಜಿಡ್ಡಿನ ಜಾತಿಯದೇ.

ಪಾತ್ರೆ ಸೋಪು ಹುಟ್ಟಿರುವುದೇ ಜಿಡ್ಡು ತೆಗೆಯಲು. ಅದರ ಕಣಕ್ಕೆ ಎರಡು ತುದಿ. ಒಂದು ಎಣ್ಣೆಯನ್ನು ಹಿಡಿಯುತ್ತದೆ, ಇನ್ನೊಂದು ನೀರನ್ನು. ಬಾಣಲೆಯ ಎಣ್ಣೆಯನ್ನು ಹಿಡಿದು ನೀರಿನ ಜೊತೆ ಎಳೆದೊಯ್ಯುತ್ತದೆ. ಇದು ಬಾಣಲೆ, ಇದು ಕಾರು ಅಂತ ಅದಕ್ಕೆ ಭೇದ ಇಲ್ಲ. ನಮ್ಮ ಅವ್ವ ದೋಸೆ ಹಂಚಿಗೆ ಸೋಪು ಮುಟ್ಟಿಸಲು ಬಿಡುವುದಿಲ್ಲ. ಹಂಚು ಪಳಗಿರುವುದೇ ಎಣ್ಣೆ ಕುಡಿದು, ಸೋಪು ಹಾಕಿ ಉಜ್ಜಿದರೆ ಮರುದಿನ ದೋಸೆ ಏಳುವುದಿಲ್ಲ ಅನ್ನುತ್ತಾಳೆ. ಇಷ್ಟು ನನಗೆ ಮನೆಯಲ್ಲೇ ಗೊತ್ತಿತ್ತು. ಕಾರಿಗೆ ಹೊಂದಿಸಿ ಯೋಚಿಸಲಿಲ್ಲ.

ಆದರೆ ಎಲ್ಲವನ್ನೂ ಸೋಪಿನ ತಲೆಗೆ ಕಟ್ಟುವುದೂ ಸರಿಯಲ್ಲ. ಒಂದು ಸಲ ಪಾತ್ರೆ ಲಿಕ್ವಿಡ್‌ನಲ್ಲಿ ತೊಳೆದರೆ ಕಾರಿನ ಪೇಂಟ್ ಹಾಳಾಗುವುದಿಲ್ಲ. ಲಿಕ್ವಿಡ್ ಗಟ್ಟಿಯಾಗಲು ಉಪ್ಪು ಹಾಕಿರುತ್ತಾರೆ, ಅದರಿಂದ ಕಾರು ತುಕ್ಕು ಹಿಡಿಯುತ್ತದೆ ಅಂತ ಹೆದರಿಸುವ ವಿಡಿಯೋಗಳಿವೆ. ಉಪ್ಪು ಇರುವುದು ನಿಜ, ಆದರೆ ಬಕೆಟ್ ನೀರಿಗೆ ನಾಲ್ಕು ಹನಿಯಲ್ಲಿ ಹೋಗುವ ಉಪ್ಪು ಎಷ್ಟು? ಚೆನ್ನಾಗಿ ನೀರು ಹಾಕಿದರೆ ಹೋಗುತ್ತದೆ. ಕಾಕಾನ ಕಾರಿಗೆ ಆದದ್ದು ಬೇರೆ. ವಾರಕ್ಕೆ ಎರಡು ಸಲ ತೊಳೆದು ಮೇಣ ಹೋಯಿತು. ಮತ್ತೆ ಹಚ್ಚುವುದು ಅಂತ ಒಂದಿದೆ ಎಂದು ನನ್ನ ಆರು ಸಾಲಿನಲ್ಲಿ ಇರಲಿಲ್ಲ. ಬರೀ ಮೈಯಲ್ಲಿ ಗಾಡಿ ಮೂರು ಬೇಸಿಗೆ ಬಿಸಿಲಿಗೆ ನಿಂತಿತು. ಕೆಂಪು ಬಣ್ಣ ಬಿಸಿಲಿಗೆ ಬೇಗ ಮಾಸುತ್ತದೆ.

ಜೊತೆಗೆ ನಮ್ಮ ಕಡೆಯ ಧೂಳು. ಧೂಳು ಅಂದರೆ ಸಣ್ಣ ಮರಳೇ. ಕಾರಿಗಾಗಿಯೇ ಮಾಡಿದ ಶಾಂಪೂ ಜಾರುವಂತಿರುತ್ತದೆ, ಬಟ್ಟೆ ಮತ್ತು ಪೇಂಟಿನ ನಡುವೆ ಜಾರಿಕೆ ಕೊಟ್ಟು ಮರಳನ್ನು ತೇಲಿಸುತ್ತದೆ. ಪಾತ್ರೆ ಸೋಪು ಆ ಕೆಲಸಕ್ಕೆ ಮಾಡಿದ್ದಲ್ಲ. ಹಳೆಯ ಬನಿಯನ್ನಿನಿಂದ ಉಜ್ಜಿದಾಗ ಮರಳು ಪೇಂಟಿನ ಮೇಲೆ ಗೀರುತ್ತಾ ಹೋಗಿದೆ. ನೆರಳಲ್ಲಿ ಕಾಣದ ಆ ಗೀರುಗಳು ಬಿಸಿಲಿಗೆ ಜೇಡರ ಬಲೆಯಂತೆ ಎದ್ದು ಕಾಣುತ್ತವೆ. ಆ ಗಿರಾಕಿ ಕಾರನ್ನು ಬಿಸಿಲಿಗೆ ತರಿಸಿದ್ದು ಸುಮ್ಮನೆ ಅಲ್ಲ.

ಇನ್ನೊಂದು ಕಾಕಾ ಆಮೇಲೆ ಹೇಳಿದರು, ಸ್ವಲ್ಪ ಸಂಕೋಚದಿಂದ. ಲಿಕ್ವಿಡ್ ತೀರಿದಾಗ ಪಾತ್ರೆ ತೊಳೆಯುವ ಬಾರ್ ಬಳಸುತ್ತಿದ್ದರಂತೆ. ಹಕ್ಕಿ ಹಿಕ್ಕೆ ಒಣಗಿದ ಕಡೆ ಸ್ಕ್ರಬ್ಬರಿಗೆ ಬಾರ್ ಹಚ್ಚಿ ತಿಕ್ಕಿದ್ದಾರೆ. ಎರಡೂ ಪಾತ್ರೆ ಸೋಪೇ ಅಲ್ಲವೇ ಅಂತ. ಆ ಬಾರಿನಲ್ಲಿ ನುಣ್ಣನೆಯ ಕಲ್ಲಿನ ಪುಡಿ ಇರುತ್ತದೆ, ಸುಟ್ಟ ತಳ ಕೀಳಲಿ ಅಂತಲೇ ಹಾಕಿರುತ್ತಾರೆ. ಸ್ಟೀಲ್ ತಾಳಿಕೊಳ್ಳುತ್ತದೆ, ಕೂದಲಿಗಿಂತ ತೆಳುವಾದ ಪದರ ಎಲ್ಲಿ ತಾಳೀತು? ಬಾರಿನ ಮಾತು ನಾನು ಬರೆದಿರಲಿಲ್ಲ, ನಿಜ. ಆದರೆ ಲಿಕ್ವಿಡ್ ಹೇಳಿಕೊಟ್ಟವನು ನಾನೇ, ಬಾರಿಗೆ ದಾರಿ ಅಲ್ಲಿಂದಲೇ ಹೋಯಿತು.

ಬೋರಿನ ಗಡಸು ನೀರಿನ ಕಲೆಗಳೂ ಇದ್ದವು. ಬಿಸಿಲಲ್ಲಿ ತೊಳೆದು ಒರೆಸದೆ ಬಿಟ್ಟರೆ ನೀರು ಆರಿ ಸುಣ್ಣದ ಉಂಗುರ ಉಳಿಯುತ್ತದೆ. ಗೀಸರಿನ ಕಾಯಿಲ್ ಮೇಲೆ ಕಟ್ಟುವ ಹೆಕ್ಕಳೆಯ ಜಾತಿಯೇ ಅದು. ಪಾತ್ರೆ ಸೋಪಿಗೆ ನೊರೆ ಜಾಸ್ತಿ, ನೊರೆ ಬಿಡಿಸಲು ನೀರೂ ಜಾಸ್ತಿ, ಕಲೆಯೂ ಜಾಸ್ತಿ.

ಪೂರಾ ಪೇಂಟ್ ಬೇಡ, ಪಾಲಿಶ್ ಮಾಡಿ ನೋಡೋಣ ಅಂದ ಮಿಸ್ತ್ರಿ. ಆಮೇಲೆ ಆತ ಮಾಡಿದ್ದು ನೋಡಿ ನಾನೂ ಕಾಕಾನೂ ಮುಖ ಮುಖ ನೋಡಿಕೊಂಡೆವು. ಶೆಡ್ಡಿನ ಮೂಲೆಯಿಂದ ಪಾತ್ರೆ ತೊಳೆಯುವ ಲಿಕ್ವಿಡ್ ತಂದು ಬಕೆಟಿಗೆ ಹಾಕಿದ! “ಈಗ ಇದು ಬೇಕ್ರಿ. ಹಳೇ ಜಿಡ್ಡು, ಹಳೇ ವ್ಯಾಕ್ಸ್ ಎಲ್ಲಾ ಹೋಗ್ಬೇಕು, ಅಂದ್ರನ ಹೊಸದು ಕೂಡತೈತಿ. ನಾವು ವರ್ಷಕ್ಕೊಮ್ಮೆ ಮಾಡೂ ಕೆಲಸ ನೀವು ವಾರಕ್ಕೆರಡು ಸಲ ಮಾಡೀರಿ.”

ರಬ್ಬಿಂಗ್ ಕಾಂಪೌಂಡ್ ಹಾಕಿ ಮಷಿನ್ ತಿರುಗಿಸಿದ. ಈ ಕಾಂಪೌಂಡ್ ಗೀರನ್ನು ತುಂಬುವುದಿಲ್ಲ, ಗೀರಿನ ಸುತ್ತಲಿನ ಪದರವನ್ನೇ ಸವೆಸಿ ಸಮ ಮಾಡುತ್ತದೆ. ಹಾಗಾಗಿ ಮತ್ತೆ ಮತ್ತೆ ಮಾಡಿಸುವಂಥದ್ದಲ್ಲ. ಬಾಗಿಲು, ಡಿಕ್ಕಿ ಚೆನ್ನಾಗಿ ಎದ್ದವು. ಬಾನೆಟ್ ಮಾತ್ರ ಹಿಂದೆ ಯಾರೋ ಲೋಕಲ್ ಗ್ಯಾರೇಜಿನಲ್ಲಿ ಹೊಡೆಸಿದ್ದು, ಮೇಲೆ ಕ್ಲಿಯರ್ ಕೋಟ್ ಇರಲಿಲ್ಲ. ಬಟ್ಟೆಗೆ ಕುಂಕುಮದಂತೆ ಕೆಂಪು ಬಂತು. ಮಿಸ್ತ್ರಿ ಅಲ್ಲಿಗೇ ನಿಲ್ಲಿಸಿ ವ್ಯಾಕ್ಸ್ ಹಚ್ಚಿದ. ದುಡ್ಡು ನಾನು ಕೊಟ್ಟೆ. ಕಾಕಾ ಬೇಡ ಬೇಡ ಅಂದರು, ನಾನು ಕೇಳಲಿಲ್ಲ.

ಅದೇ ಗಿರಾಕಿ ಮತ್ತೆ ಬಂದರು. 20 ಸಾವಿರದ ಕಡಿತ 9 ಸಾವಿರಕ್ಕೆ ಇಳಿಯಿತು. ಆ 9 ಸಾವಿರ ಬಾನೆಟ್ಟಿನದು, ಅದರಲ್ಲಿ ನನ್ನ ಪಾಲು ಎಷ್ಟು ಅಂತ ಲೆಕ್ಕ ಹಾಕಲು ಆಗಿಲ್ಲ. ಕಂತು ಕಟ್ಟಲು ಕಾಕಾ ಅಷ್ಟನ್ನು ಕೈಗಡ ತಂದರು. ಡೆಸ್ಕಿಗೆ ಫೋನ್ ಮಾಡಿ ತಿದ್ದುಪಡಿ ಹಾಕೋಣವೇ ಅಂತ ಕೇಳಿದೆ. ಮೂರು ವರ್ಷದ ಹಿಂದಿನ ಟಿಪ್ಸಿಗೆ ಯಾರು ತಿದ್ದುಪಡಿ ಹಾಕುತ್ತಾರೆ ಮಾರಾಯಾ ಅಂತ ನಕ್ಕರು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಆ ಬಾಕ್ಸ್ ಓದಿ ಇನ್ಯಾರು ತೊಳೆದಿದ್ದಾರೋ.

ಗಾಡಿ ಕೊಡುವ ದಿನ ಕವರಿನಿಂದ ಆ ತುಣುಕು ತೆಗೆದು ನನ್ನ ಜೇಬಿಗೆ ಹಾಕಿಕೊಂಡೆ. ಇಲ್ಲದಿದ್ದರೆ ಆರ್‌ಸಿ ಜೊತೆ ಅದೂ ರಾಣೆಬೆನ್ನೂರಿಗೆ ಹೋಗುತ್ತಿತ್ತು.

ಕಾಕಾ ಈಗ ಬೇರೆಯವರ ಗಾಡಿಗೆ ಡ್ರೈವರ್. ಓಡಾಡಲು ಹಳೇ ಬೈಕು ಇದೆ. ಈ ಸಲ ಬನ್ನಿ ಕೊಟ್ಟು ಕಾಲಿಗೆ ಬಿದ್ದಾಗ, “ತಮ್ಮಾ, ಬೈಕಿಗೆ ಏನ್ ಹಚ್ಚಿ ತೊಳೀಬೇಕು?” ಅಂದರು. ನಾನು ಬಾಯಿ ತೆರೆಯುವುದರೊಳಗೆ, “ಹಂಗ ಹೇಳಬ್ಯಾಡ, ಕೇಳಿ ಹೇಳು” ಅಂದರು. ನಗುತ್ತಲೇ ಅಂದರು.

ಮಿಸ್ತ್ರಿಯನ್ನು ಕೇಳಿದೆ. ಬೈಕಿಗೂ ಅದೇ ಅಂದ. ಬೆಳಿಗ್ಗೆ ಅಥವಾ ಸಂಜೆ, ನೆರಳಲ್ಲಿ, ಇಂಜಿನ್ ತಣ್ಣಗಾದ ಮೇಲೆ ತೊಳೆಯಬೇಕು. ಮೊದಲು ಬರೀ ನೀರು ಹಾಕಿ ಐದು ನಿಮಿಷ ಬಿಡಬೇಕು, ಎರೆಮಣ್ಣು ನೆನೆಯಲಿ. ಒಣ ಧೂಳನ್ನು ಬಟ್ಟೆಯಿಂದ ಝಾಡಿಸಿ ಒರೆಸುವುದೇ ಎಲ್ಲಕ್ಕಿಂತ ಕೆಟ್ಟದ್ದು. ಶಾಂಪೂ ಒಂದು ಮುಚ್ಚಳ ಬಕೆಟಿಗೆ ಸಾಕು, ಒಂದು ಬಾಟಲಿ ತಿಂಗಳುಗಟ್ಟಲೆ ಬರುತ್ತದೆ. ಕೊಳ್ಳಲು ಆಗದಿದ್ದರೆ ಬರೀ ನೀರು ಮತ್ತು ಮೆತ್ತನೆಯ ಬಟ್ಟೆ ಸಾಕು, ಪಾತ್ರೆ ಸೋಪಿಗಿಂತ ಅದು ಮೇಲು. ಬಟ್ಟೆ ಅದ್ದಲು ಒಂದು, ಹಿಂಡಲು ಒಂದು, ಹೀಗೆ ಎರಡು ಬಕೆಟ್ ಇಟ್ಟುಕೊಂಡರೆ ಮರಳು ವಾಪಸ್ ಟ್ಯಾಂಕಿಗೆ ಬರುವುದಿಲ್ಲ. ಮೇಲಿನಿಂದ ಕೆಳಗೆ ಬರಬೇಕು, ಚಕ್ರ ಕೊನೆಗೆ, ಅದಕ್ಕೆ ಬೇರೆ ಬಟ್ಟೆ. ನೀರು ಆರುವ ಮೊದಲೇ ಒರೆಸಬೇಕು. ಹಕ್ಕಿ ಹಿಕ್ಕೆ ಬಿದ್ದರೆ ಒದ್ದೆ ಬಟ್ಟೆ ಹಾಕಿ ನೆನೆಸಿ ಎತ್ತಬೇಕು, ತಿಕ್ಕಬಾರದು. ಮೂರು ನಾಲ್ಕು ತಿಂಗಳಿಗೊಮ್ಮೆ ವ್ಯಾಕ್ಸ್. ಬೈಕಿನ ಚೈನಿಗೆ ತೊಳೆದ ಮೇಲೆ ಎಣ್ಣೆ ಬಿಡುವುದು ಮರೆಯಬೇಡಿ ಅಂತ ಆತನೇ ಸೇರಿಸಿದ.

ಕಾಕಾನಿಗೆ ಇಷ್ಟನ್ನೂ ಫೋನಿನಲ್ಲಿ ಹೇಳಿದೆ. ಪೂರಾ ಕೇಳಿಸಿಕೊಂಡು, “ಮಿಸ್ತ್ರಿ ಹೇಳಿದ್ದೋ, ನೀ ಹೇಳಿದ್ದೋ?” ಅಂದರು.