ಸಂಘದ ಜಾಲತಾಣಕ್ಕೂ ಒಂದು ಜಗಲಿ ಬೇಕು

ಹಳ್ಳಿಯ ಮನೆಗೆ ಜಗಲಿ ಕಟ್ಟಿದ ಹಿರಿಯರು ಅದನ್ನು ಅಲಂಕಾರಕ್ಕೆಂದು ಕಟ್ಟಲಿಲ್ಲ. ಕೆಲಸದ ಮೇಲೆ ಬಂದವರು ಒಳಮನೆಗೆ ಹೋಗುವ ಸಂಕೋಚವಿಲ್ಲದೆ ಅಲ್ಲಿಯೇ ಕುಳಿತು, ಬಂದ ಕಾರಣ ಹೇಳಿ, ಉತ್ತರ ಪಡೆದು ಹೋಗುತ್ತಿದ್ದರು. ಬಂದವರ ಮಾತು ಕೇಳುವ ಮೊದಲೇ ಯಜಮಾನನ ಸನ್ಮಾನದ ಚಿತ್ರಗಳನ್ನು ಅವರ ಮುಂದೆ ಹರಡುವುದು ಯಾವ ಮನೆಯ ಸಂಪ್ರದಾಯವೂ ಆಗಿರಲಿಲ್ಲ. ಆದರೆ ಅನೇಕ ಸಂಘಸಂಸ್ಥೆಗಳ ಜಾಲತಾಣಗಳಲ್ಲಿ ಇಂದು ನಡೆಯುವುದು ಹೀಗೆಯೇ. ಮುಖಪುಟ ತೆರೆದೊಡನೆ ಒಂದರ ಹಿಂದೊಂದು ಸರಿಯುವ ಸಮಾರಂಭದ ಚಿತ್ರಗಳು, ಅಧ್ಯಕ್ಷರ ಸಂದೇಶ, ಶಾಲು ಹಾರಗಳ ಸಾಲು. ಸದಸ್ಯರಿಗೆ ಬೇಕಾದ ಅರ್ಜಿ ನಮೂನೆ, ಕೊನೆಯ ದಿನಾಂಕ, ವಿಚಾರಿಸಬೇಕಾದ ದೂರವಾಣಿ ಸಂಖ್ಯೆ ಇವು ಎಲ್ಲೋ ಒಳಕೋಣೆಯ ಮೂಲೆಯಲ್ಲಿ ಅಡಗಿರುತ್ತವೆ. ಕೆಲವೊಮ್ಮೆ ಇರುವುದೇ ಇಲ್ಲ.

ಕಚೇರಿಗಳು ಕೂಗಳತೆಯಲ್ಲಿರುವ ನಗರದಲ್ಲಿ ಈ ಕೊರತೆ ಅಷ್ಟಾಗಿ ಬಾಧಿಸದಿರಬಹುದು. ತಾಳವಾಡಿಯ ಬೆಟ್ಟಸೀಮೆಯಲ್ಲಿ ಹಾಗಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲೂಕು ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿಯ ಹಳ್ಳಿಗಳು ಮದರಾಸು ರಾಜ್ಯದಲ್ಲಿಯೇ ಉಳಿದವು. 1979ರಲ್ಲಿ ಈರೋಡ್ ಪ್ರತ್ಯೇಕ ಜಿಲ್ಲೆಯಾಯಿತು. ಮನೆಯ ಮಾತು ಕನ್ನಡ, ಕಚೇರಿಯ ಕಾಗದ ತಮಿಳು. ಸಂತೆಗೂ ನೆಂಟಸ್ತನಕ್ಕೂ ಚಾಮರಾಜನಗರ ಹತ್ತಿರ. ಜಿಲ್ಲಾ ಕಚೇರಿಗೆ ಹೋಗಬೇಕಾದರೆ ದಿಂಬಂ ಘಾಟಿಯ 27 ತಿರುವುಗಳನ್ನು ಇಳಿದು ಸತ್ಯಮಂಗಲವನ್ನು ದಾಟಬೇಕು. ಹುಲಿ ಸಂರಕ್ಷಿತಾರಣ್ಯದ ನಡುವೆ ಸಾಗುವ ಆ ದಾರಿಯಲ್ಲಿ 2022ರಿಂದ ರಾತ್ರಿ ಸಂಚಾರಕ್ಕೆ ನಿರ್ಬಂಧವೂ ಇದೆ. ಒಂದು ತಪ್ಪು ಮಾಹಿತಿಯನ್ನು ನಂಬಿ ಹೊರಟ ತಂದೆಗೆ ಒಂದು ದಿನದ ಕೂಲಿಯೂ ಬಸ್ಸಿನ ಖರ್ಚೂ ನಷ್ಟ. ಅರ್ಜಿಯ ಗಡುವು ಅಂದೇ ಮುಗಿದಿದ್ದರೆ ಮಗುವಿಗೆ ಒಂದು ವರ್ಷವೇ ನಷ್ಟ. ಆದುದರಿಂದ ಇಂತಹ ಸೀಮೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗಾಗಿ ದುಡಿಯುವ ಯಾವುದೇ ಸಂಘಕ್ಕೆ ಜಾಲತಾಣವು ಕೀರ್ತಿಯ ಫಲಕವಲ್ಲ, ಸೇವೆಯ ಒಂದು ಅಂಗ.

ಅದನ್ನು ಹೊಸದಾಗಿ ರೂಪಿಸಲು ಕುಳಿತವರು ಬಣ್ಣ, ಲಾಂಛನಗಳ ಮಾತಿಗೆ ಮೊದಲು ಸದಸ್ಯರ ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳುವುದು ಲೇಸು. ಮಗಳನ್ನು ಕನ್ನಡ ಮಾಧ್ಯಮಕ್ಕೆ ಸೇರಿಸಲು ಯಾವ ಕಾಗದಗಳು ಬೇಕು? ಈ ಶಾಲೆಯಲ್ಲಿ ಮುಂದಿನ ತರಗತಿ ಇದೆಯೇ, ಇಲ್ಲವಾದರೆ ಹತ್ತಿರದ ಶಾಲೆ ಯಾವುದು? ಪಠ್ಯಪುಸ್ತಕ ಬಂದಿಲ್ಲವಾದರೆ ಯಾರಿಗೆ ಬರೆಯಬೇಕು? ಕಾಲೇಜಿಗೆ ಕರ್ನಾಟಕಕ್ಕೆ ಹೋಗುವ ಮಗನಿಗೆ ಯಾವ ವ್ಯಾಸಂಗ ಪ್ರಮಾಣಪತ್ರ ಬೇಕು? ಈ ಹತ್ತು ಹನ್ನೆರಡು ಪ್ರಶ್ನೆಗಳೇ ಮುಖಪುಟದ ಶೀರ್ಷಿಕೆಗಳಾಗಲಿ. ‘ಧ್ಯೇಯೋದ್ದೇಶಗಳು’, ‘ಕಾರ್ಯಚಟುವಟಿಕೆಗಳು’ ಎಂಬ ಶೀರ್ಷಿಕೆಗಳು ಪದಾಧಿಕಾರಿಗಳಿಗೆ ಅರ್ಥವಾಗುತ್ತವೆ. ‘ಶಾಲೆಗೆ ಸೇರಿಸಲು’, ‘ಹತ್ತನೆಯ ತರಗತಿಯ ಪರೀಕ್ಷೆ’ ಎಂಬವು ತಾಯಂದಿರಿಗೆ ಅರ್ಥವಾಗುತ್ತವೆ.

ಉತ್ತರ ಬರೆದರೆ ಸಾಲದು, ಅದು ಯಾವ ವರ್ಷದ ಉತ್ತರವೆಂಬುದನ್ನೂ ಬರೆಯಬೇಕು. 2006ರ ತಮಿಳು ಕಲಿಕೆ ಕಾಯಿದೆಯಿಂದ ತಮಿಳು ಒಂದನೆಯ ತರಗತಿಯಲ್ಲಿ ಕಡ್ಡಾಯವಾಗಿ, ವರ್ಷಕ್ಕೊಂದು ತರಗತಿಯಂತೆ ಏರಿ, 2015–16ರಲ್ಲಿ ಹತ್ತನೆಯ ತರಗತಿಯನ್ನು ತಲುಪಿತು. ಭಾಷಾ ಅಲ್ಪಸಂಖ್ಯಾತರು ನ್ಯಾಯಾಲಯದ ಮೊರೆಹೊಕ್ಕು ಪರೀಕ್ಷೆಯಲ್ಲಿ ವಿನಾಯಿತಿ ಪಡೆದರು. 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಇನ್ನೊಂದು ವರ್ಷಕ್ಕೆ ವಿಸ್ತರಿಸಿತು. ವರ್ಷಕ್ಕೆ ಸೀಮಿತವಾದ ಇಂತಹ ಆದೇಶವನ್ನು ದಿನಾಂಕವಿಲ್ಲದೆ ‘ವಿನಾಯಿತಿ ಇದೆ’ ಎಂದಷ್ಟೇ ಪ್ರಕಟಿಸಿದರೆ, ಎರಡು ವರ್ಷಗಳ ನಂತರ ಅದನ್ನು ಓದಿದ ಕುಟುಂಬ ತಮಿಳಿನ ಅಭ್ಯಾಸವನ್ನೇ ಕೈಬಿಡಬಹುದು. ತಾಳವಾಡಿಯು ಸತ್ಯಮಂಗಲ ತಾಲೂಕಿನಿಂದ ಬೇರ್ಪಟ್ಟು 2016ರಲ್ಲಿ ತಾನೇ ತಾಲೂಕಾಯಿತು. ಅದಕ್ಕೂ ಹಿಂದಿನ ವಿಳಾಸ ಪುಟದಲ್ಲಿ ಉಳಿದಿದ್ದರೆ ಅದು ಇಂದಿಗೂ ಜನರನ್ನು ಘಾಟಿ ಇಳಿಸುತ್ತದೆ. ಕರ್ನಾಟಕದ ವೃತ್ತಿಶಿಕ್ಷಣ ಪ್ರವೇಶದಲ್ಲಿ ಗಡಿನಾಡು ಕನ್ನಡಿಗರಿಗೂ ಹೊರನಾಡು ಕನ್ನಡಿಗರಿಗೂ ಷರತ್ತುಗಳು ಬೇರೆ ಬೇರೆ. ಗಡಿಯ ಪಕ್ಕದಲ್ಲಿ ಮನೆಯಿದ್ದ ಮಾತ್ರಕ್ಕೆ ಮೊದಲನೆಯದು ತಾನಾಗಿ ಅನ್ವಯಿಸುತ್ತದೆಂದು ನಂಬುವಂತಿಲ್ಲ; ಆಯಾ ವರ್ಷದ ಪ್ರಕಟಣೆಯನ್ನೇ ನೋಡಬೇಕು. ಪ್ರತಿ ಪುಟದ ಮೇಲೂ ‘ಇದನ್ನು ಪರಿಶೀಲಿಸಿದ ದಿನ’ ಎಂಬ ಒಂದು ಸಾಲು ಇದ್ದರೆ ಇಂತಹ ಎಷ್ಟೋ ಅನಾಹುತಗಳು ತಪ್ಪುತ್ತವೆ.

ಇನ್ನು ಅಕ್ಷರದ ಮಾತು. ಹಳೆಯ ಕನ್ನಡ ತಂತ್ರಾಂಶಗಳಲ್ಲಿ ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಆಕಾರಗಳನ್ನು ಕೂರಿಸಲಾಗುತ್ತಿತ್ತು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅಂತಹ ಬರಹ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. 1991ರ ಮೊದಲ ಯುನಿಕೋಡ್ ಆವೃತ್ತಿಯಿಂದಲೇ ಕನ್ನಡಕ್ಕೆ ತನ್ನದೇ ಸ್ಥಾನಗಳಿವೆ. ಹಳೆಯ ಕಡತಗಳನ್ನೆಲ್ಲ ಯುನಿಕೋಡಿಗೆ ಪರಿವರ್ತಿಸಿ, ಒತ್ತಕ್ಷರಗಳು ಕೆಟ್ಟಿಲ್ಲವೆಂದು ಕಣ್ಣಿಟ್ಟು ತಿದ್ದುವುದು ಬೇಸರದ ಕೆಲಸವಾದರೂ ಅನಿವಾರ್ಯ. ಸುತ್ತೋಲೆಯನ್ನು ಫೋಟೋ ತೆಗೆದು ಏರಿಸಿದರೂ ತೊಂದರೆ ಕಡಿಮೆಯಿಲ್ಲ: ಅದು ಹುಡುಕಿದರೆ ಸಿಗದು, ಹಿಗ್ಗಿಸಿದರೆ ಮಸುಕಾಗುತ್ತದೆ, ಕಣ್ಣು ಕಾಣದವರಿಗೆ ಫೋನು ಅದನ್ನು ಓದಿ ಹೇಳಲಾರದು. ತಮಿಳಿನಲ್ಲಿ ಬಂದ ಆದೇಶವಾದರೆ ಮೂಲವನ್ನು ಇಟ್ಟು, ಅದರ ಪಕ್ಕದಲ್ಲಿಯೇ ಕನ್ನಡ ಸಾರಾಂಶವನ್ನು ಅಕ್ಷರಗಳಲ್ಲಿ ಕೊಡಬೇಕು. ಕಚೇರಿಯ ಕಿಟಕಿಯಲ್ಲಿ ತೋರಿಸಲು ಮೂಲ ಬೇಕು; ಮನೆಯಲ್ಲಿ ತಿಳಿದುಕೊಳ್ಳಲು ಕನ್ನಡ ಬೇಕು.

ಓದುವ ಯಂತ್ರವೂ ಬಹುತೇಕ ಮನೆಗಳಲ್ಲಿ ಒಂದೇ ಒಂದು ಮೊಬೈಲು. ಆನೆ ಬಾರದಂತೆ ಹೊಲ ಕಾಯಲು ಹೊರಡುವ ಮುನ್ನ ತಂದೆ ಅದನ್ನು ಹತ್ತು ನಿಮಿಷ ನೋಡಬಲ್ಲ. ಕಾಡಂಚಿನ ಊರಲ್ಲಿ ಸಂಕೇತ ಬಂದು ಹೋಗುವ ಹೊತ್ತಿನಲ್ಲಿ ಭಾರವಾದ ಚಿತ್ರಗಳು ತುಂಬಿದ ಪುಟ ತೆರೆಯುವಷ್ಟರಲ್ಲಿ ಆ ಹತ್ತು ನಿಮಿಷ ಮುಗಿದಿರುತ್ತದೆ. ಬೇಕಾದಾಗ ಸಿಗದ ಮಾಹಿತಿ ಊಟಕ್ಕಿಲ್ಲದ ಉಪ್ಪಿನಕಾಯಿ. ಹೊಸ ಪುಟವನ್ನು ಸಭೆಯ ಪರದೆಯ ಮೇಲೆ ನೋಡಿ ಚಪ್ಪಾಳೆ ತಟ್ಟುವ ಬದಲು, ಮೂರು ನಾಲ್ಕು ಮಂದಿ ಪೋಷಕರ ಕೈಗೆ ಅವರದೇ ಫೋನಿನಲ್ಲಿ ಕೊಟ್ಟು, ಅವರು ತಡವರಿಸುವ ಜಾಗವನ್ನು ಮೌನವಾಗಿ ಗುರುತಿಸಿಕೊಂಡರೆ ಅದೇ ನಿಜವಾದ ಪರೀಕ್ಷೆ.

ತೋರಿಸಬೇಕಾದದ್ದನ್ನು ತೋರಿಸುವಂತೆ ಮರೆಯಲ್ಲಿಡಬೇಕಾದದ್ದನ್ನು ಮರೆಯಲ್ಲಿಡುವುದೂ ಸಂಘದ ಧರ್ಮ. ವಾರ್ಷಿಕ ಲೆಕ್ಕಪತ್ರ, ಸರ್ವಸದಸ್ಯರ ಸಭೆಯ ನಿರ್ಣಯಗಳು ಸದಸ್ಯರೆಲ್ಲರ ಸೊತ್ತು. ಅವು ಸುಲಭವಾಗಿ ಸಿಗಬೇಕು. ಮಕ್ಕಳ ಹೆಸರು, ಭಾವಚಿತ್ರ, ಅಂಕ, ಮನೆಯ ವಿಳಾಸಗಳು ಹಾಗಲ್ಲ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಹದಿನೆಂಟು ತುಂಬದವರ ವಿವರಗಳ ಬಳಕೆಗೆ ಪೋಷಕರ ಒಪ್ಪಿಗೆಯನ್ನು ವಿಧಿಸುತ್ತದೆ. ಪುರಸ್ಕಾರದ ಸಂತೋಷದಲ್ಲಿ ಇದನ್ನು ಮರೆಯಬಾರದು.

ಇಷ್ಟೆಲ್ಲ ಮಾಡಿದರೂ ಜಾಲತಾಣ ತಲುಪದ ಮನೆಗಳು ಉಳಿದೇ ಉಳಿಯುತ್ತವೆ. ಅದಕ್ಕಾಗಿ ಪ್ರತಿ ಮುಖ್ಯ ಪುಟವೂ ಒಂದು ಹಾಳೆಯಲ್ಲಿ ಮುದ್ರಿಸುವಂತಿರಲಿ. ಶಾಲೆಯ ಸೂಚನಾ ಫಲಕದಲ್ಲಿ, ಹಾಲಿನ ಡೈರಿಯ ಗೋಡೆಯಲ್ಲಿ ಅದು ಅಂಟಿರಲಿ. ಪುಟಗಳನ್ನು ತಿದ್ದುವ ಹೊಣೆ ಒಬ್ಬ ಉತ್ಸಾಹಿ ತರುಣನ ತಲೆಯ ಮೇಲೆ ಮಾತ್ರ ಬೀಳದಿರಲಿ. ಅವನು ಕೆಲಸ ಹುಡುಕಿ ತಿರುಪ್ಪೂರಿಗೋ ಬೆಂಗಳೂರಿಗೋ ಹೋದ ದಿನ ಗುಪ್ತಪದವೂ ಅವನೊಡನೆ ಹೊರಟುಹೋಗಬಾರದು. ಅದು ಸಂಘದ ದಫ್ತರದಲ್ಲಿ ಭದ್ರವಾಗಿರಬೇಕು. ಪರಿಶೀಲನೆಯ ಸರದಿ ಇಬ್ಬರು ಮೂವರಿಗೆ ಹಂಚಿರಬೇಕು.

ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಸೌಲಭ್ಯ ಕಲ್ಪಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಹಕ್ಕು ಗ್ರಂಥದಲ್ಲಿದ್ದರೂ ಅದನ್ನು ಕೇಳುವ ದಿನಾಂಕ, ಬರೆಯುವ ನಮೂನೆ, ಕೊಡುವ ಕಿಟಕಿ ಗೊತ್ತಿಲ್ಲದವರಿಗೆ ಅದು ದಕ್ಕುವುದಿಲ್ಲ. ದಿಕ್ಕು ತೋರದ ಕುಟುಂಬ ಸದ್ದಿಲ್ಲದೆ ಮಗುವನ್ನು ಬೇರೆ ಮಾಧ್ಯಮಕ್ಕೆ ಸೇರಿಸುತ್ತದೆ. ತರಗತಿಯಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತದೆ. ಸಂಖ್ಯೆ ಇಳಿದಂತೆ ಶಿಕ್ಷಕರ ಹುದ್ದೆಗೂ ಕುತ್ತು ಬರುತ್ತದೆ. ಕನ್ನಡದ ಶಾಲೆಗಳು ಮುಚ್ಚುವುದು ಯಾರೋ ದ್ವೇಷದಿಂದ ಬಾಗಿಲೆಳೆದಾಗ ಮಾತ್ರವಲ್ಲ, ಕೇಳಿದ ಸಣ್ಣ ಪ್ರಶ್ನೆಗೆ ಸಕಾಲದಲ್ಲಿ ಉತ್ತರ ಸಿಗದೆ ಹೋದಾಗಲೂ ಹೌದು. ಆ ಉತ್ತರವನ್ನು ಸರಳ ಕನ್ನಡದಲ್ಲಿ, ದಿನಾಂಕ ಸಹಿತ ಕೊಡುವ ನಾಲ್ಕು ಪುಟಗಳ ಬಡ ಜಾಲತಾಣವೂ ಸಂಘಕ್ಕೆ ಸಾಕಷ್ಟು ಗೌರವ ತರುತ್ತದೆ.