ಪಿ.ಬಿ. ರಸ್ತೆಯ ಡೈನಮೊ ಅಂಗಡಿಗಳು

ಬೈಪಾಸ್ ಆಗುವ ಮುಂಚೆ ಪುಣೆ–ಬೆಂಗಳೂರು ಹೆದ್ದಾರಿ ದಾವಣಗೆರೆಯ ಊರೊಳಗೇ ಹಾದುಹೋಗುತ್ತಿತ್ತು. ಸರಕಾರದ ಲೆಕ್ಕದಲ್ಲಿ ಆಗ ಅದು ಎನ್‌ಎಚ್ 4, ಈಗ 48. ಊರವರಿಗೆ ಅಂದಿಗೂ ಇಂದಿಗೂ ಪಿ.ಬಿ. ರಸ್ತೆಯೇ. ಹತ್ತಿ, ಅಕ್ಕಿ, ಮೆಕ್ಕೆಜೋಳ ಹೇರಿದ ಲಾರಿಗಳು ರಾತ್ರಿಯಿಡೀ ಓಡುತ್ತಿದ್ದ ಆ ರಸ್ತೆಯ ಬದಿಗೆ ಆಟೊ ಎಲೆಕ್ಟ್ರಿಕಲ್ ಅಂಗಡಿಗಳಿದ್ದವು. ತಗಡಿನ ಮಾಡು, ಆಯಿಲ್ ಕುಡಿದು ಕಪ್ಪಾದ ನೆಲ, ಮೊಳೆಗೆ ನೇತುಹಾಕಿದ ಹಳೆಯ ಆರ್ಮೇಚರ್‌ಗಳು, ಮೂಲೆಯಲ್ಲಿ ಚಾರ್ಜಿಗೆ ಕೂತ ಬ್ಯಾಟರಿಗಳ ಆಸಿಡ್ ಘಾಟು. ಎಂಬತ್ತರ ದಶಕದಲ್ಲಿ ನಾನು ಕೆಲಸ ಕಲಿತದ್ದು ಅಂಥದೊಂದು ಅಂಗಡಿಯಲ್ಲಿ. ಲಾರಿಯಿಂದ ಡೈನಮೊ ಹೋಗಿ ಆಲ್ಟರ್ನೇಟರ್ ಬಂದದ್ದನ್ನು ಕಂಡೆ, ಆಮೇಲೆ ಕಂಪ್ಯೂಟರ್ ಬಂದದ್ದನ್ನೂ ಕಂಡೆ.

ಆಗ ನಮ್ಮಲ್ಲಿಗೆ ಬರುತ್ತಿದ್ದವುಗಳಲ್ಲಿ ಹೆಚ್ಚಿನವು ಟಾಟಾ ಲಾರಿಗಳು ಮತ್ತು ಲೇಲ್ಯಾಂಡ್ ಕಾಮೆಟ್‌ಗಳು. ಟಾಟಾದವರ ಟೆಲ್ಕೊ ಕಂಪನಿ 1954ರಿಂದ 1969ರವರೆಗೆ ಜರ್ಮನಿಯ ಬೆಂಝ್ ಜೊತೆ ಕೂಡಿ ಲಾರಿ ಮಾಡಿದ್ದರಿಂದ ಹಳೆಯ ಡ್ರೈವರುಗಳ ಬಾಯಲ್ಲಿ ಅವು 'ಟಾಟಾ ಬೆಂಝ್' ಆಗಿಯೇ ಉಳಿದಿದ್ದವು. ಅವುಗಳಲ್ಲಿ ಕರೆಂಟ್ ಹುಟ್ಟಿಸುವ ಕೆಲಸ ಡೈನಮೊದ್ದು. ಎಂಜಿನ್ ಜೋರಾಗಿ ತಿರುಗಿದರಷ್ಟೇ ಡೈನಮೊ ಚಾರ್ಜ್ ಕೊಡುತ್ತಿತ್ತು. ರಾತ್ರಿ ಹೊತ್ತು ಹೆಡ್‌ಲೈಟ್ ಹಾಕಿಕೊಂಡು ಸಂತೆಬೀದಿಯಲ್ಲಿ ನಿಧಾನ ಸಾಗಿದರೆ ಆಮೀಟರಿನ ಮುಳ್ಳು ಮೈನಸ್ಸಿಗೆ ವಾಲುತ್ತಿತ್ತು. ಅದಕ್ಕೇ ಪ್ರತಿ ಲಾರಿಯ ಡ್ರೈವರೂ ಮುಳ್ಳಿನ ಮೇಲೊಂದು ಕಣ್ಣಿಟ್ಟಿರುತ್ತಿದ್ದ.

"ಉಸ್ತಾದ್, ಚಾರ್ಜ್ ಆಗ್ತಿಲ್ಲ, ಬೆಳಗ್ಗೆ ಸೆಲ್ಫ್ ಹೊಡೀತಿಲ್ಲ" ಎಂದು ಡ್ರೈವರ್ ಬಂದು ನಿಂತರೆ ನಮ್ಮ ಉಸ್ತಾದರು ಪಾನಾ ಮುಟ್ಟುತ್ತಿರಲಿಲ್ಲ. ಮೊದಲು ವಿಚಾರಣೆ. ಯಾವಾಗಿಂದ? ಒಮ್ಮೆಲೇ ಹೋಯಿತೋ, ದಿನದಿನಕ್ಕೆ ಕಮ್ಮಿಯಾಯಿತೋ? ಇತ್ತೀಚೆಗೆ ಯಾರಾದರೂ ಎಂಜಿನ್ ಇಳಿಸಿದ್ದರೋ? ಹೊಸ ಹಾರ್ನ್, ಹೊಸ ಲೈಟ್ ಏನಾದರೂ ಹಾಕಿಸಿದೆಯೋ? ಅದಾದ ಮೇಲೆ ಫ್ಯಾನ್ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತುತ್ತಿದ್ದರು. ಬೆಲ್ಟ್ ಸಡಿಲಾಗಿ, ಒಳಮೈ ಗಾಜಿನ ಹಾಗೆ ಹೊಳೆಯುತ್ತಿದ್ದರೆ ಅರ್ಧ ಉತ್ತರ ಅಲ್ಲೇ ಸಿಕ್ಕಂತೆ. ಆಮೇಲೆ ಬ್ಯಾಟರಿ ಟರ್ಮಿನಲ್. ಬಿಳಿ–ಹಸಿರು ಕಿಲುಬು ಕಟ್ಟಿದ್ದರೆ ಬಿಸಿನೀರು ಸುರಿದು, ತಿಕ್ಕಿ, ಬಿಗಿದು, ಮೇಲೆ ವ್ಯಾಸಲೀನ್ ಸವರುವುದು ಹುಡುಗರಾದ ನಮ್ಮ ಪಾಲಿನ ಕೆಲಸ. ಬಳಿಕ ಹೈಡ್ರೋಮೀಟರನ್ನು ಒಂದೊಂದೇ ಸೆಲ್ಲಿಗೆ ಇಳಿಸುತ್ತಿದ್ದರು. ಪೂರ್ತಿ ಚಾರ್ಜಿದ್ದರೆ ತೇಲುಗಡ್ಡಿ 1.260–1.280ರ ಸುತ್ತ ನಿಲ್ಲುತ್ತದೆ. ಐದು ಸೆಲ್ ಸರಿಯಿದ್ದು ಒಂದೇ ಒಂದು ತೀರಾ ಕೆಳಗಿದ್ದರೆ ಬ್ಯಾಟರಿಯದೇ ಕಾಯಿಲೆ. ಆರೂ ಒಂದೇ ಸಮ ಇಳಿದಿದ್ದರೆ ಬ್ಯಾಟರಿಗೆ ಊಟ ಸಿಗುತ್ತಿಲ್ಲ, ಮುಂದಕ್ಕೆ ಹುಡುಕಬೇಕು.

ಆ ಮುಂದಿನ ಹುಡುಕಾಟವೇ ನನ್ನನ್ನು ಈ ಕಸುಬಿಗೆ ಕಟ್ಟಿಹಾಕಿದ್ದು. ಡೈನಮೊದ ಬೆನ್ನಿಗೆ ಡಿ ಮತ್ತು ಎಫ್ ಎಂಬ ಎರಡು ಟರ್ಮಿನಲ್ ಇರುತ್ತಿದ್ದವು. ಎರಡರ ವೈರನ್ನೂ ಕಳಚಿ, ಅವೆರಡನ್ನೂ ಒಂದು ತುಂಡು ತಂತಿಯಿಂದ ಕೂಡಿಸಿ, ಅಲ್ಲಿಂದ ಡೈನಮೊದ ಮೈಗೆ ಟೆಸ್ಟ್ ಲ್ಯಾಂಪ್ ಹಿಡಿಯಬೇಕು. ಕ್ಲೀನರ್ ಆಕ್ಸಲರೇಟರನ್ನು ಮೆಲ್ಲಗೆ, ತೀರಾ ಮೆಲ್ಲಗೆ ಒತ್ತಬೇಕು. ಬಲ್ಬ್ ಮೊದಲು ಕೆಂಪಗೆ ಮಿಣುಕಿ, ಎಂಜಿನ್ ಏರಿದಂತೆ ಬೆಳ್ಳಗೆ ಹತ್ತಿಕೊಂಡರೆ ಡೈನಮೊ ನಿರಪರಾಧಿ. ದೋಷ ಚಾರ್ಜನ್ನು ಹತೋಟಿಯಲ್ಲಿಡುವ ಕಟೌಟ್ ಡಬ್ಬಿಯಲ್ಲಿ ಅಥವಾ ನಡುವಿನ ವೈರಿನಲ್ಲಿದೆ. ಬಲ್ಬ್ ಹತ್ತದಿದ್ದರೆ ಡೈನಮೊ ಕೆಳಗಿಳಿಯಬೇಕು. ಕಾರ್ಬನ್ ಬ್ರಷ್ ಸವೆದಿದೆಯೇ, ಕಮ್ಯುಟೇಟರ್ ಕಪ್ಪುಗಟ್ಟಿದೆಯೇ, ಆರ್ಮೇಚರ್ ಸುಟ್ಟಿದೆಯೇ ನೋಡಬೇಕು. ಎರಡೇ ನಿಮಿಷದ ಈ ಪರೀಕ್ಷೆಯಿಂದ ಮಾಲೀಕನ ದುಡ್ಡೂ ಉಳಿಯುತ್ತಿತ್ತು, ಲೋಡೂ ಹೊತ್ತಿಗೆ ತಲುಪುತ್ತಿತ್ತು. ಎಲ್ಲಿ ಸರಿಯಿದೆ ಎಂಬುದನ್ನು ಒಂದೊಂದಾಗಿ ಗಟ್ಟಿ ಮಾಡಿಕೊಂಡು ಹೋದರೆ ಕೆಟ್ಟದ್ದು ತಾನಾಗಿ ಸಿಕ್ಕಿಬೀಳುತ್ತದೆ ಎಂಬುದು ಉಸ್ತಾದರ ವಿದ್ಯೆಯ ತಿರುಳು.

ಆಲ್ಟರ್ನೇಟರ್ ಬಂದಾಗ ಎಷ್ಟೋ ಮಂದಿ ಮೇಸ್ತ್ರಿಗಳು ತಬ್ಬಿಬ್ಬಾದರು. 1961ರಲ್ಲಿ ಶುರುವಾದ ಮದ್ರಾಸಿನ ಲೂಕಾಸ್–ಟಿವಿಎಸ್‌ನ ಮಾಲು ನಮ್ಮ ರಸ್ತೆಯಲ್ಲಿ ಎಲ್ಲರ ಕೈಗೂ ಪಳಗಿತ್ತು. ಆದರೆ ಡಯೋಡ್ ಎಂಬುದು ಹೊಸದು. ಕಮ್ಯುಟೇಟರ್ ಹೋಗಿ ಸ್ಲಿಪ್ ರಿಂಗ್ ಬಂತು. ಒಳಗೆ ಹುಟ್ಟುವ ಎಸಿಯನ್ನು ಆರು ಡಯೋಡ್‌ಗಳು ಡಿಸಿ ಮಾಡುತ್ತಿದ್ದವು. ಎಂಜಿನ್ ಐಡ್ಲಿಂಗಿನಲ್ಲಿದ್ದರೂ ಚಾರ್ಜ್ ಬರತೊಡಗಿತು. ಡ್ರೈವರುಗಳಿಗೆ ಇದು ದೊಡ್ಡ ನೆಮ್ಮದಿ. ಆದರೆ ಹಳೆಯ ಅಭ್ಯಾಸವೊಂದು ಬಹಳ ಕಾಡಿತು. ಡೈನಮೊ ಕಾಲದಲ್ಲಿ ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಟರ್ಮಿನಲ್ ಎತ್ತಿ ಚಾರ್ಜ್ ನೋಡುವವರಿದ್ದರು. ಆಲ್ಟರ್ನೇಟರಿಗೆ ಹಾಗೆ ಮಾಡಿದರೆ ವೋಲ್ಟೇಜ್ ಒಮ್ಮೆಲೇ ಚಿಮ್ಮಿ ಡಯೋಡ್ ಸುಡುತ್ತದೆ. ಹೀಗೆ ಪರೀಕ್ಷೆಯಲ್ಲೇ ಪ್ರಾಣ ಬಿಟ್ಟ ಆಲ್ಟರ್ನೇಟರ್‌ಗಳನ್ನು ರಾಶಿ ರಾಶಿ ಬಿಚ್ಚಿದ್ದೇವೆ.

ಹೊಸ ಯಂತ್ರಕ್ಕೆ ಹೊಸ ಗುರುತುಗಳನ್ನು ಕಲಿತೆವು. ಡ್ಯಾಶ್‌ಬೋರ್ಡಿನ ಕೆಂಪು ಚಾರ್ಜಿಂಗ್ ದೀಪ ಬರೀ ಸೂಚನೆಗಲ್ಲ. ಅನೇಕ ಆಲ್ಟರ್ನೇಟರ್‌ಗಳಿಗೆ ಮೊದಲ ಕರೆಂಟ್ ಹೋಗುವುದೇ ಆ ಬಲ್ಬಿನ ಮೂಲಕ. ಹಾಗಾಗಿ ಬಲ್ಬ್ ಸುಟ್ಟರೆ ಆಲ್ಟರ್ನೇಟರ್ ಸರಿಯಿದ್ದರೂ ಚಾರ್ಜ್ ಶುರುವಾಗದೆ ಹೋಗಬಹುದು. ರಾತ್ರಿಯೆಲ್ಲ ನಿಂತ ಲಾರಿಯ ಆಲ್ಟರ್ನೇಟರನ್ನು ಬೆಳಗ್ಗೆ ಮುಟ್ಟಿದಾಗ ಬೆಚ್ಚಗಿದ್ದರೆ, ಡಯೋಡ್‌ಗಳು ಸೋರಿ ಬ್ಯಾಟರಿಯನ್ನು ಒಳಗಿಂದೊಳಗೇ ಖಾಲಿ ಮಾಡುತ್ತಿವೆ ಎಂದರ್ಥ. ಮಲ್ಟಿಮೀಟರ್ ಬಂದ ಮೇಲೆ ಲೆಕ್ಕ ಇನ್ನಷ್ಟು ಸ್ಪಷ್ಟವಾಯಿತು. ನಿಂತ ಲಾರಿಯಲ್ಲಿ ಬ್ಯಾಟರಿ ಸುಮಾರು 12.6 ವೋಲ್ಟ್ ಇರಬೇಕು, ಎಂಜಿನ್ ಓಡುವಾಗ 13.8ರಿಂದ 14.4. ಎರಡು ಬ್ಯಾಟರಿ ಸೀರೀಸಿನಲ್ಲಿ ಕೂಡಿಸಿದ 24 ವೋಲ್ಟಿನ ಗಾಡಿಯಾದರೆ ಇದರ ಎರಡರಷ್ಟು. ಅದಕ್ಕಿಂತ ಬಹಳ ಮೇಲೇರಿದರೆ ರೆಗ್ಯುಲೇಟರ್ ಹಿಡಿತ ತಪ್ಪಿದೆ, ಆಸಿಡ್ ಕುದಿಯುತ್ತದೆ, ಬಲ್ಬ್‌ಗಳು ಪಟಪಟನೆ ಹೋಗುತ್ತವೆ.

ಎಲ್ಲ ಕಾಲದಲ್ಲೂ ಬದಲಾಗದೆ ಉಳಿದ ಕಳ್ಳನೊಬ್ಬನಿದ್ದಾನೆ, ಅರ್ತ್, ಅಂದರೆ ಗಾಡಿಯ ಮೈ ಮೂಲಕ ಕರೆಂಟ್ ಬ್ಯಾಟರಿಗೆ ಮರಳುವ ದಾರಿ. ಚಳ್ಳಕೆರೆ ಕಡೆಯ ಲಾರಿಯೊಂದಕ್ಕೆ ಬೇರೆಲ್ಲೋ ಬ್ಯಾಟರಿಯನ್ನೂ ಬದಲಿಸಿ, ಆಲ್ಟರ್ನೇಟರನ್ನೂ ಬದಲಿಸಿ ಕಳಿಸಿದ್ದರು. ಕಾಯಿಲೆ ಮಾತ್ರ ಹೋಗಿರಲಿಲ್ಲ. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದನ್ನು ಎಂಜಿನ್ನಿನ ಬರಿಮೈಗೆ ಹಿಡಿದು ಸೆಲ್ಫ್ ಹೊಡೆಸಿದೆ. ಅರ್ಧ ವೋಲ್ಟಿನೊಳಗಿರಬೇಕಾದದ್ದು ಎರಡು ವೋಲ್ಟ್ ದಾಟಿತು. ಎಂಜಿನ್ನಿಗೂ ಚಾಸಿಗೂ ನಡುವಿನ ಹೆಣೆದ ತಾಮ್ರದ ಪಟ್ಟಿಯ ಬೋಲ್ಟ್ ಬಿಚ್ಚಿ ನೋಡಿದರೆ ಕೆಳಗೆ ಪೇಂಟು, ಅದರಡಿ ತುಕ್ಕು, ಪಟ್ಟಿಯ ಎಳೆಗಳಲ್ಲಿ ಮುಕ್ಕಾಲು ಪಾಲು ಕಡಿದಿದ್ದವು. ಕೆರೆದು, ಹೊಸ ಪಟ್ಟಿ ಬಿಗಿದ ಮೇಲೆ ಅದೇ ಸೆಲ್ಫ್ ಒಂದೇ ಏಟಿಗೆ ಎಂಜಿನ್ನನ್ನು ಎಬ್ಬಿಸಿತು.

2017ರ ಏಪ್ರಿಲ್‌ನಿಂದ ದೇಶದೆಲ್ಲೆಡೆ ಹೊಗೆ ನಿಯಂತ್ರಣದ ಬಿಎಸ್ 4 ನಿಯಮ, 2020ರ ಏಪ್ರಿಲ್‌ನಿಂದ ಬಿಎಸ್ 6 ಜಾರಿಗೆ ಬಂದವು. ಈಗಿನ ಲಾರಿಯಲ್ಲಿ ಸೆನ್ಸರ್‌ಗಳು, ಎಂಜಿನ್ ಆಳುವ ಕಂಪ್ಯೂಟರ್ ಆದ ಇಸಿಯು, ಹೊಗೆ ತೊಳೆಯುವ ಯೂರಿಯಾ ದ್ರಾವಣ, ಎಲ್ಲ ಇವೆ. ಸ್ಕ್ಯಾನರ್ ಇಲ್ಲದೆ ಕೈ ಹಾಕುವಂತಿಲ್ಲ, ಹಾಕಲೂ ಬಾರದು. ವೈಂಡಿಂಗ್ ಮಾಡುತ್ತಿದ್ದ ಅಂಗಡಿಗಳು ಒಂದೊಂದಾಗಿ ಮುಚ್ಚಿದವು. ಬ್ರಷ್ ಬದಲಿಸಿ ನಾಲ್ಕು ಕಾಲ ಓಡಿಸಬಹುದಾದ ಆಲ್ಟರ್ನೇಟರ್ ಇಡಿಯಾಗಿ ಗುಜರಿಗೆ ಹೋಗುತ್ತಿದೆ. ಇದು ನನಗೆ ನೋವಿನ ಸಂಗತಿ. ಹಳೆಯದರ ಮೇಲಿನ ಮೋಹದಿಂದ ಹೀಗೆನ್ನುತ್ತಿಲ್ಲ. ಸಾಲ ತೀರಿಸುತ್ತಿರುವ ಒಂಟಿ ಲಾರಿಯ ಮಾಲೀಕನಿಗೆ ಒಂದು ಬೇಡದ ಪಾರ್ಟಿನ ಬೆಲೆ ಎಂದರೆ ಒಂದು ಟ್ರಿಪ್ಪಿನ ದುಡಿಮೆ.

ವೋಲ್ಟೇಜ್ ಕುಸಿದಾಗ ಹೊಸ ಲಾರಿಯ ಸ್ಕ್ಯಾನರ್ ಒಂದರ ಹಿಂದೊಂದು ಕೋಡ್ ತೋರಿಸುತ್ತದೆ. ದೂರು ಎಲ್ಲಿಂದ ಬಂತೆಂದು ಅದು ಹೇಳುತ್ತದೆ, ದೂರಿನ ಬೇರು ಎಲ್ಲಿದೆ ಎಂದು ಎಲ್ಲ ಸಲವೂ ಹೇಳುವುದಿಲ್ಲ. ಬೇರು ಅನೇಕ ವೇಳೆ ಬ್ಯಾಟರಿಯ ಸಡಿಲ ಕ್ಲ್ಯಾಂಪಿನಲ್ಲೋ ತುಕ್ಕು ಹಿಡಿದ ಅರ್ತಿನಲ್ಲೋ ಇರುತ್ತದೆ. ಆದ್ದರಿಂದ ಐಟಿಐಗಳಲ್ಲಿ ಮಕ್ಕಳಿಗೆ ಸ್ಕ್ಯಾನರ್ ಕೊಡುವ ಮೊದಲು ಒಂದು ಹಳೆಯ ಲಾರಿ, ಒಂದು ಮೀಟರ್, ಒಂದು ಟೆಸ್ಟ್ ಲ್ಯಾಂಪ್ ಕೊಡಬೇಕು. ಬ್ಯಾಟರಿಯಿಂದ ಹೊರಟ ಕರೆಂಟ್ ಎಲ್ಲೆಲ್ಲಿ ಹಾದು ಮತ್ತೆ ಬ್ಯಾಟರಿಗೆ ಮರಳುತ್ತದೆ ಎಂಬುದನ್ನು ಕೈಯಾರೆ ಹಿಡಿದು ತೋರಿಸಬೇಕು. ಆ ದಾರಿ ಬಲ್ಲ ಹುಡುಗನಿಗೆ ಸ್ಕ್ಯಾನರ್ ಒಳ್ಳೆಯ ಜೊತೆಗಾರ. ದಾರಿ ಬಾರದವನು ಅದು ತೋರಿಸಿದ ಪಾರ್ಟನ್ನೆಲ್ಲ ಬದಲಿಸುತ್ತ ಹೋಗುತ್ತಾನೆ, ಅದರ ಬಿಲ್ಲನ್ನು ಲಾರಿಯವನು ಕಟ್ಟುತ್ತಾನೆ.